ಹೀರಿದಷ್ಟೇ ಹೊಯ್ಯುವುದು

ನನ್ನ ಕಾರಿನ ಗೇರ್‌ಬಾಕ್ಸಿನಲ್ಲಿ ಇರಬೇಕಾದುದಕ್ಕಿಂತ ಮುಕ್ಕಾಲು ಲೀಟರಿನಷ್ಟು ಎಣ್ಣೆ ಹೆಚ್ಚಾಗಿತ್ತು ಎಂಬ ಒಂದೇ ಕಾರಣಕ್ಕೆ ನಾನು ಎಣ್ಣೆ ಹೀರುವ ನಿರ್ವಾತ ಪಂಪೊಂದನ್ನು ಕೊಂಡೆ. ಕಡಿಮೆಯಾಗಿದ್ದರೆ ಒಂದು ಆಲಿಕೆಯಿಂದ ಮುಗಿಯುತ್ತಿದ್ದ ಕೆಲಸ ಅದು. ಹಾಕುವುದು ಸುಲಭ, ಹೆಚ್ಚಾದದ್ದನ್ನು ತೆಗೆಯುವುದು ಕಷ್ಟ ಎಂಬುದು ಸಾರಿಗೆ ಉಪ್ಪು ಹಾಕುವವರಿಗೆಲ್ಲ ಗೊತ್ತು. ಗೇರ್‌ಬಾಕ್ಸಿಗೂ ಅದೇ ಮಾತು ಅನ್ವಯಿಸುತ್ತದೆ ಎಂಬುದು ನನಗೆ ತಿಳಿದದ್ದು ತಡವಾಗಿ.

ಕಾರು 2004ರ ಟೊಯೋಟಾ ಕ್ಯಾಮ್ರಿ; ನಾಲ್ಕು ಸಿಲಿಂಡರಿನ ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್. ಮಿಷಿಗನ್ನಿಗೆ ಬಂದ ಹೊಸತರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದನ್ನು, ಮನೆಗೆ ಇನ್ನೊಂದು ಕಾರು ಬಂದ ಮೇಲೂ ಮಾರಲು ಮನಸ್ಸಾಗದೆ ಉಳಿಸಿಕೊಂಡಿದ್ದೇನೆ. ಒಂದು ಅಕ್ಟೋಬರಿನಲ್ಲಿ, ಚಳಿ ಹಿಡಿಯುವ ಮೊದಲೇ ಮುಗಿಸಿಬಿಡೋಣವೆಂದು ಅದನ್ನು ಹತ್ತಿರದ ವರ್ಕ್‌ಶಾಪಿಗೆ ಕೊಟ್ಟು ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿಕೊಂಡು ಬಂದೆ. ಊರೊಳಗೆ ಓಡಿಸುವಾಗ ಏನೂ ತಿಳಿಯಲಿಲ್ಲ. ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿಸಿ ಕೆಳಗಿಳಿದು, ಸಿಗ್ನಲ್ಲಿನಲ್ಲಿ ನಿಂತು ಹೊರಟಾಗ ಮಾತ್ರ ಎರಡರಿಂದ ಮೂರನೆಯ ಗೇರಿಗೆ ಹೋಗುವ ಹೊತ್ತಿನಲ್ಲಿ ಎಂಜಿನ್ ಒಂದು ಕ್ಷಣ ಸುಮ್ಮನೆ ಕೂಗಿಕೊಳ್ಳುತ್ತಿತ್ತು. ಆ ಕ್ಷಣ ಅದಕ್ಕೂ ಚಕ್ರಗಳಿಗೂ ಸಂಬಂಧವೇ ಇಲ್ಲವೇನೋ ಎನ್ನಿಸುತ್ತಿತ್ತು. ಎಂಜಿನ್ ಓಡುತ್ತಿರುವಂತೆಯೇ ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿದರೆ, ಬಿಸಿ ಎಣ್ಣೆಗೆಂದು ಕೊರೆದ ಮೇಲಿನ ಗುರುತನ್ನೂ ದಾಟಿ ಒಂದು ಬೆರಳಿನಗಲ ಮೇಲಕ್ಕೆ ಕಡ್ಡಿ ಒದ್ದೆಯಾಗಿತ್ತು. ಎಣ್ಣೆಯಲ್ಲಿ ಸಣ್ಣ ಸಣ್ಣ ಗುಳ್ಳೆಗಳಿದ್ದವು.

ಗುಳ್ಳೆಗಳೇ ಕಾರಣವನ್ನು ಹೇಳುತ್ತಿದ್ದವು. ಗೇರ್‌ಬಾಕ್ಸಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯಾದ ಪ್ಯಾನಿನಲ್ಲಿ ಮಟ್ಟ ಏರಿದರೆ ತಿರುಗುವ ಗೇರುಗಳು ಅದರಲ್ಲಿ ಮುಳುಗಿ ಮೊಸರು ಕಡೆದಂತೆ ಕಡೆಯುತ್ತವೆ, ನೊರೆ ಏಳುತ್ತದೆ, ಗೇರ್‌ಬಾಕ್ಸಿನೊಳಗಿನ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎಣ್ಣೆ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ಕ್ಲಚ್ ತಟ್ಟೆಗಳನ್ನು ಒತ್ತಿಹಿಡಿಯಬೇಕಾದ ಒತ್ತಡ ಬೇಕಾದ ಕ್ಷಣದಲ್ಲಿ ಕೈಕೊಡುತ್ತದೆ. ಎಣ್ಣೆ ಕಡಿಮೆಯಾದಾಗಲೂ ಪಂಪು ಗಾಳಿಯನ್ನೇ ನುಂಗುವುದರಿಂದ ಎರಡು ರೋಗಗಳಿಗೂ ಲಕ್ಷಣ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಗೇರು ಜಾರುತ್ತದೆ ಎಂದ ಕೂಡಲೇ ಕಡ್ಡಿಯನ್ನು ನೋಡದೆ ಇನ್ನಷ್ಟು ಎಣ್ಣೆ ಸುರಿಯುವವರು ಈ ಕಾರಣಕ್ಕೇ ರೋಗವನ್ನು ಬೆಳೆಸುತ್ತಾರೆ.

ಹೆಚ್ಚಾದದ್ದನ್ನು ತೆಗೆಯಲು ಕೆಳಗೆ ಡ್ರೇನ್ ಪ್ಲಗ್ ಇದೆ, ನಿಜ. ಆದರೆ ಕಾರನ್ನು ಎತ್ತಿ, ಅಂಗಾತ ಮಲಗಿ, ಪ್ಲಗ್ ಬಿಚ್ಚಿ, ಮುಕ್ಕಾಲು ಲೀಟರ್ ಇಳಿದ ತಕ್ಷಣ ಬೆರಳಿನಿಂದ ತೂತನ್ನು ಮುಚ್ಚಿ ಮತ್ತೆ ಪ್ಲಗ್ ತಿರುಗಿಸುವುದು ನನ್ನಂಥವನಿಂದ ಆಗುವ ಮಾತಲ್ಲ. ಕೆರೆಗಳ ಈ ರಾಜ್ಯದಲ್ಲಿ ದೋಣಿ ಇಟ್ಟುಕೊಂಡವರು ಬಹಳ. ದೋಣಿಯ ಎಂಜಿನ್ನಿನ ಕೆಳಗೆ ಕೈಹಾಕಲು ಜಾಗವಿರುವುದಿಲ್ಲವಾದ್ದರಿಂದ ಅವರು ಎಂಜಿನ್ ಆಯಿಲನ್ನು ಮೇಲಿನಿಂದ, ಡಿಪ್‌ಸ್ಟಿಕ್ಕಿನ ಕೊಳವೆಯ ಮೂಲಕವೇ ಹೀರಿ ತೆಗೆಯುತ್ತಾರೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಅಂಥ ಒಬ್ಬರು ನನ್ನ ಗೋಳನ್ನು ಕೇಳಿ, ಅದೇ ಪಂಪು ನಿನ್ನ ಕಾರಿಗೂ ಆಗುತ್ತದಲ್ಲ ಎಂದರು.

ಪೆಟ್ಟಿಗೆ ಬಿಚ್ಚಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಮಲೆನಾಡಿನ ಮನೆಯ ಕೊಟ್ಟಿಗೆಯ ಅಟ್ಟದಲ್ಲಿದ್ದ ಗಟಾರ್ ಪಂಪು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವಾಗ ಒಬ್ಬರು ಮರದ ಮೇಲಿದ್ದರೆ, ಇನ್ನೊಬ್ಬರು ಕೆಳಗೆ ನಿಂತು ಅದರ ಹಿಡಿಯನ್ನು ಹಿಂದೆ ಮುಂದೆ ದೂಡುತ್ತಲೇ ಇರಬೇಕು. ಕೆಳಗೆ ನಿಂತು ದೂಡಿದ ಅನುಭವ ನನಗೆ ಚೆನ್ನಾಗಿಯೇ ಇದೆ. ಆ ಪಂಪು ಒತ್ತಡ ಹುಟ್ಟಿಸಿ ದ್ರವವನ್ನು ಹೊರಕ್ಕೆ ದೂಡುತ್ತದೆ, ಇದು ಡಬ್ಬದೊಳಗಿನ ಗಾಳಿಯನ್ನು ತೆಗೆದು ದ್ರವವನ್ನು ಒಳಕ್ಕೆ ಬರಮಾಡಿಕೊಳ್ಳುತ್ತದೆ. ಆರೂವರೆ ಲೀಟರಿನ ಪ್ಲಾಸ್ಟಿಕ್ ಡಬ್ಬ, ಮೇಲೆ ಸೈಕಲ್ ಪಂಪಿನಂಥ ಹಿಡಿ, ಪಕ್ಕದಲ್ಲಿ ಒಂದು ರಬ್ಬರ್ ಪೈಪು, ಅದರ ತುದಿಗೆ ಸಿಕ್ಕಿಸಲು ದಪ್ಪ ಮತ್ತು ಸಪೂರವಾದ ಎರಡು ನಳಿಕೆಗಳು: ಇಷ್ಟೇ ಅದರ ಸಂಸಾರ. ಹದಿನೈದಿಪ್ಪತ್ತು ಸಲ ಹಿಡಿಯನ್ನು ಎತ್ತಿ ಒತ್ತಿದರೆ ಸಾಕು, ಆಮೇಲೆ ಅದರಷ್ಟಕ್ಕೆ ಅದು ಹೀರುತ್ತಿರುತ್ತದೆ. ಅಪ್ಪಯ್ಯ ಪಂಪ್‌ಸೆಟ್ಟಿಗೆ ಡೀಸೆಲ್ ಹಾಕುವಾಗ ಬ್ಯಾರಲ್ಲಿಗೆ ರಬ್ಬರ್ ಪೈಪು ಇಳಿಸಿ ಬಾಯಿಂದ ಎಳೆದು, ಬಾಯಿಗೆ ಬಂದದ್ದನ್ನು ಥೂ ಎಂದು ಉಗಿದು, ಹರಿವು ಶುರುಮಾಡುತ್ತಿದ್ದರು. ಅದು ಸೈಫನ್, ಎತ್ತರದಿಂದ ತಗ್ಗಿಗೆ ಇಳಿಜಾರಿದ್ದರೆ ಮಾತ್ರ ನಡೆಯುವಂಥದ್ದು. ಕಾರಿನ ಪ್ಯಾನು ನೆಲದಿಂದ ಗೇಣುದ್ದ ಮೇಲಿರುವುದರಿಂದ ಆ ಉಪಾಯಕ್ಕೆ ಇಲ್ಲಿ ಇಳಿಜಾರು ಸಾಲದು.

ಪಂಪು ಹೀರುತ್ತದೆ ಎಂದು ಹೇಳುವುದು ರೂಢಿಯಾದರೂ ನಿಜವಾಗಿ ಕೆಲಸ ಮಾಡುವುದು ಹೊರಗಿನ ವಾತಾವರಣ. ಡಬ್ಬದೊಳಗೆ ಗಾಳಿ ತೆಳುವಾದಾಗ ಪ್ಯಾನಿನೊಳಗಿನ ಎಣ್ಣೆಯ ಮೇಲೆ ಕುಳಿತ ಗಾಳಿಯ ಭಾರ ಎಣ್ಣೆಯನ್ನು ನಳಿಕೆಯೊಳಗೆ ಮೇಲಕ್ಕೆ ದೂಡುತ್ತದೆ. ಪೂರ್ಣ ನಿರ್ವಾತವಿದ್ದರೆ ಈ ಭಾರ ನೀರನ್ನು ಸುಮಾರು 10 ಮೀಟರ್, ನೀರಿಗಿಂತ ಹಗುರವಾದ ಎಣ್ಣೆಯನ್ನು ಸುಮಾರು 12 ಮೀಟರ್ ಎತ್ತಬಲ್ಲುದು. ಕಾರಿನ ಬಾನೆಟ್ಟಿನವರೆಗಿನ ಒಂದು ಮೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ತೊಡಕಿರುವುದು ಎತ್ತರದಲ್ಲಿ ಅಲ್ಲ, ನಳಿಕೆಯ ಸಪೂರದಲ್ಲಿ ಮತ್ತು ಎಣ್ಣೆಯ ಮಂದತನದಲ್ಲಿ. ಕೊಳವೆಯಲ್ಲಿ ಹೀಗೆ ನಿಧಾನವಾಗಿ ಹರಿಯುವ ದ್ರವದ ಪ್ರಮಾಣ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ನಳಿಕೆಯ ಒಳಗಲ ಅರ್ಧಕ್ಕೆ ಇಳಿದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೊದಲ ದಿನ ನಾನು ಅಂಜಿಕೆಯಿಂದ ಸಪೂರದ ನಳಿಕೆಯನ್ನೇ ಇಳಿಸಿ, ತಣ್ಣಗಿನ ಗ್ಯಾರೇಜಿನಲ್ಲಿ, ತಣ್ಣಗಿನ ಎಣ್ಣೆಯನ್ನು ಎಳೆಯಲು ಹೊರಟು, ಕಾಫಿ ಕುಡಿದು ಬಂದರೂ ಡಬ್ಬದ ತಳ ಮುಚ್ಚದಿದ್ದುದನ್ನು ಕಂಡು ಪಂಪೇ ಕೆಟ್ಟಿದೆ ಎಂದುಕೊಂಡಿದ್ದೆ. ಈ ಬಗೆಯ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಹೆಚ್ಚು ಕಡಿಮೆ ಐದು ಪಟ್ಟು ಹೆಚ್ಚು; ಗ್ಯಾರೇಜಿನ ಐದಾರು ಡಿಗ್ರಿಯಲ್ಲಿ ಅದು ಬೆಲ್ಲದ ಪಾಕದ ದಾರಿ ಹಿಡಿದಿರುತ್ತದೆ. ಹಾಗೆಂದು ಕುದಿಯುವಷ್ಟು ಬಿಸಿಯಲ್ಲಿ ತೆಗೆಯಲು ಹೋದರೆ ನಳಿಕೆ ಮೆತ್ತಗಾಗಿ ಒಳಕ್ಕೆ ಕುಸಿಯುತ್ತದೆ, ಕೈಯೂ ಸುಡುತ್ತದೆ. ಕಾರನ್ನು ಹತ್ತು ನಿಮಿಷ ಓಡಿಸಿ ತಂದು ಕಾಲು ಗಂಟೆ ಬಿಟ್ಟರೆ ಬರುವ ಬೆಚ್ಚನೆಯ ಹದವೇ ಸರಿ ಎಂಬುದು ನನ್ನ ಅನುಭವ.

ಅಂತೂ ಆ ದಿನ ಮುಕ್ಕಾಲು ಲೀಟರ್ ಹೊರಬಂತು, ಕಡ್ಡಿ ಗುರುತಿಗೆ ಇಳಿಯಿತು, ಎರಡು ದಿನಗಳಲ್ಲಿ ಗೇರಿನ ಜಾರುವಿಕೆಯೂ ನಿಂತಿತು. ನನ್ನನ್ನು ಮತ್ತೆ ಯೋಚನೆಗೆ ಹಚ್ಚಿದ್ದು ಹೊರಬಂದ ಎಣ್ಣೆಯ ಬಣ್ಣ. ಕೇವಲ ಎರಡು ವಾರದ ಹಿಂದೆ ಬದಲಾಯಿಸಿದ್ದೇವೆ ಎಂದು ರಸೀದಿ ಕೊಟ್ಟಿದ್ದ ಎಣ್ಣೆ ಕೋಕಂ ಶರಬತ್ತಿನ ಕೆಂಪಿನಲ್ಲಿರುವ ಬದಲು ಕಷಾಯದ ಬಣ್ಣದಲ್ಲಿತ್ತು. ಮೋಸ ಹೋದೆನೆಂದು ಸಿಟ್ಟು ಬಂತು. ಆಮೇಲೆ ಕುಳಿತು ಓದಿ, ಲೆಕ್ಕ ಹಾಕಿದಾಗ, ಆ ಬಣ್ಣದ ಮಟ್ಟಿಗಾದರೂ ವರ್ಕ್‌ಶಾಪಿನವರು ಸುಳ್ಳು ಹೇಳಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಒಟ್ಟು ಎಂಟು ಲೀಟರ್ ಎಣ್ಣೆಯಿದೆ ಎಂದು ಹಿಡಿಯೋಣ. ನನ್ನ ಕಾರಿನದು ಅದರ ಆಸುಪಾಸಿನಲ್ಲೇ ಇದೆ. ಕೆಳಗಿನ ಪ್ಲಗ್ ಬಿಚ್ಚಿದರೂ, ಮೇಲಿನಿಂದ ಹೀರಿದರೂ ಸಿಗುವುದು ಪ್ಯಾನಿನಲ್ಲಿ ನಿಂತದ್ದು ಮಾತ್ರ. ಉಳಿದದ್ದರಲ್ಲಿ ದೊಡ್ಡ ಪಾಲು ಟಾರ್ಕ್ ಕನ್ವರ್ಟರಿನಲ್ಲಿ, ಇನ್ನುಳಿದದ್ದು ಎಣ್ಣೆಯನ್ನು ಬೇಕಾದ ಕಡೆಗೆ ತಿರುಗಿಸುವ ವಾಲ್ವ್ ಬಾಡಿಯ ಸಂದುಗೊಂದುಗಳಲ್ಲಿ, ಕ್ಲಚ್ಚುಗಳಲ್ಲಿ, ರೇಡಿಯೇಟರಿನೊಳಗಿನ ಕೂಲರಿನಲ್ಲಿ ಅಡಗಿರುತ್ತದೆ. ಟಾರ್ಕ್ ಕನ್ವರ್ಟರ್ ಎಂದರೆ ಎಂಜಿನ್ನಿಗೂ ಗೇರುಗಳಿಗೂ ನಡುವೆ ಇರುವ, ಎಣ್ಣೆ ತುಂಬಿದ, ಎರಡು ಬೋಗುಣಿಗಳನ್ನು ಬಾಯಿಗೆ ಬಾಯಿ ಸೇರಿಸಿದಂಥ ಗುಂಡನೆಯ ಪಾತ್ರೆ. ಎಂಜಿನ್ನಿನ ಕಡೆಯ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ, ಗೇರಿನ ಕಡೆಯ ರೆಕ್ಕೆಗಳು ಆ ಹೊಡೆತಕ್ಕೆ ತಿರುಗುತ್ತವೆ, ಮಧ್ಯದ ಸ್ಟೇಟರ್ ಎಂಬ ಮೂರನೆಯ ಚಕ್ರ ಹಿಂತಿರುಗಿ ಬರುವ ಎಣ್ಣೆಯ ದಿಕ್ಕನ್ನು ತಿದ್ದಿ ಹೊರಡುವಾಗಿನ ಬಲವನ್ನು ಹೆಚ್ಚಿಸುತ್ತದೆ. ಜರ್ಮನಿಯ ಹರ್ಮನ್ ಫಾಟಿಂಗರ್ ಹಡಗುಗಳಿಗೆಂದು ಈ ತತ್ತ್ವಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಈ ಪಾತ್ರೆಗೆ ಹೆಚ್ಚಿನ ಕಾರುಗಳಲ್ಲಿ ಪ್ಲಗ್ ಇರುವುದಿಲ್ಲ, ನನ್ನದರಲ್ಲೂ ಇಲ್ಲ. ಆದ್ದರಿಂದ ಒಮ್ಮೆ ಬದಲಾಯಿಸಿದೆ ಎಂದರೆ ಅರ್ಧಕ್ಕಿಂತ ಹೆಚ್ಚು ಹಳೆಯದು ಒಳಗೇ ಉಳಿದಿದೆ ಎಂದೇ ಅರ್ಥ. ಕಷಾಯಕ್ಕೆ ಒಂದು ಲೋಟ ಶರಬತ್ತು ಬೆರೆಸಿದರೆ ಅದು ಕಷಾಯದ ಬಣ್ಣದಲ್ಲೇ ಇರುತ್ತದೆ.

ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸು ಹುಟ್ಟಿ ಬೆಳೆದದ್ದು ನಾನೀಗ ಇರುವ ಈ ನೆಲದಲ್ಲೇ ಎಂಬುದು ನನಗೆ ಆಗಾಗ ಸೋಜಿಗವೆನಿಸುತ್ತದೆ. ಅರ್ಲ್ ಥಾಂಪ್ಸನ್ ಮುಂದಾಳುತನದಲ್ಲಿ ಜನರಲ್ ಮೋಟರ್ಸ್ ರೂಪಿಸಿದ ಹೈಡ್ರಾಮ್ಯಾಟಿಕ್ ಎಂಬ ಗೇರ್‌ಬಾಕ್ಸು, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ, ಅಂದರೆ ಇದೇ ಮಿಷಿಗನ್ನಿನ ಲ್ಯಾನ್ಸಿಂಗಿನ ಕಂಪನಿಯ ಕಾರುಗಳಲ್ಲಿ ಮೊದಲು ಬಂತು. ಅದರಲ್ಲಿದ್ದದ್ದು ಸ್ಟೇಟರ್ ಇಲ್ಲದ ಸರಳ ಜೋಡಣೆ. ಟಾರ್ಕ್ ಕನ್ವರ್ಟರ್ ಬ್ಯೂಕ್ ಕಾರಿನ ಡೈನಾಫ್ಲೋ ಮೂಲಕ 1948ರಲ್ಲಿ ಬಂತು. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಲಿವೋನಿಯಾದಲ್ಲಿ ಹೈಡ್ರಾಮ್ಯಾಟಿಕ್ ತಯಾರಿಸುತ್ತಿದ್ದ ಭಾರೀ ಕಾರ್ಖಾನೆ 1953ರ ಆಗಸ್ಟ್ 12ರಂದು ಬೆಂಕಿಗೆ ಆಹುತಿಯಾಗಿ, ಕ್ಯಾಡಿಲಾಕ್ ಕಾರುಗಳು ಕೆಲಕಾಲ ಬ್ಯೂಕಿನ ಡೈನಾಫ್ಲೋ ಹೊತ್ತು ಹೊರಡಬೇಕಾಯಿತಂತೆ. ಆ ಊರಿನ ಮೂಲಕ ಹಾದುಹೋಗುವಾಗಲೆಲ್ಲ ಇದು ನೆನಪಾಗುತ್ತದೆ, ಅಷ್ಟೆ.

ಎಣ್ಣೆಗೂ ಒಂದು ಕಥೆಯಿದೆ. ಗೇರ್‌ಬಾಕ್ಸಿನ ಎಣ್ಣೆ ಬರಿಯ ಜಾರುವ ಎಣ್ಣೆಯಾದರೆ ಸಾಲದು. ಅದು ಗೇರುಗಳ ಹಲ್ಲನ್ನು ಜಾರಿಸಬೇಕು, ಕ್ಲಚ್ ತಟ್ಟೆಗಳನ್ನು ಹಿಡಿಯಗೊಡಬೇಕು, ಕನ್ವರ್ಟರಿನಲ್ಲಿ ಶಕ್ತಿಯನ್ನು ಹೊರಬೇಕು, ವಾಲ್ವುಗಳಿಗೆ ಒತ್ತಡದ ಆಜ್ಞೆಗಳನ್ನು ತಲುಪಿಸಬೇಕು, ಹುಟ್ಟಿದ ಶಾಖವನ್ನು ಕೂಲರಿಗೆ ಒಯ್ಯಬೇಕು. ಜಾರಿಸು ಮತ್ತು ಹಿಡಿ ಎಂಬ ಎರಡು ವಿರುದ್ಧ ಬೇಡಿಕೆಗಳನ್ನು ಒಂದೇ ದ್ರವದಲ್ಲಿ ಹೊಂದಿಸಲು ಘರ್ಷಣೆಯನ್ನು ಹದಗೊಳಿಸುವ ಪದಾರ್ಥ ಬೆರೆಸಬೇಕಾಗುತ್ತದೆ. ಮೊದಲಿನ ಎಣ್ಣೆಗಳಲ್ಲಿ ಆ ಪದಾರ್ಥ ಸ್ಪರ್ಮ್ ತಿಮಿಂಗಿಲದ ಎಣ್ಣೆಯಾಗಿತ್ತು. 1970ರ ದಶಕದ ಆರಂಭದಲ್ಲಿ ಅಮೆರಿಕವು ಆ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿ ಅದರ ಎಣ್ಣೆಯ ಬಳಕೆಯನ್ನು ನಿಲ್ಲಿಸಿದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು. ಇಂದಿನ ಎಣ್ಣೆಗಳಲ್ಲಿ ಮೊದಲು ಸೋಲುವುದೂ ಈ ಹದಗಾರ ಪದಾರ್ಥಗಳೇ. ಶಾಖಕ್ಕೆ ಎಣ್ಣೆ ಗಾಳಿಯೊಡನೆ ಕೂಡಿ ಹಳಸುತ್ತದೆ. ಬಿಸಿ ಹತ್ತು ಡಿಗ್ರಿ ಏರಿದಂತೆಲ್ಲ ಹಳಸುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದ ಒರಟು ಲೆಕ್ಕ. ಹಾಗೆ ಹಳಸಿದ ಎಣ್ಣೆಯ ಕಾರು ನಿಧಾನ ವೇಗದಲ್ಲಿ, ಕನ್ವರ್ಟರಿನ ಎರಡೂ ಬದಿಗಳನ್ನು ಬೆಸೆಯುವ ಕ್ಲಚ್ಚು ಕಚ್ಚಿಕೊಳ್ಳುವ ಹೊತ್ತಿನಲ್ಲಿ, ಉಬ್ಬುಗೆರೆಗಳ ರಸ್ತೆಯ ಮೇಲೆ ಹೋದಂತೆ ನಡುಗುತ್ತದೆ. ಕೆಂಪು ಬಣ್ಣಕ್ಕೆ ಮಾತ್ರ ಇಷ್ಟೆಲ್ಲ ಅರ್ಥವಿಲ್ಲ. ಸೋರಿದಾಗ ಎಂಜಿನ್ ಆಯಿಲಲ್ಲ ಎಂದು ಗುರುತಿಸಲೆಂದು ಬೆರೆಸಿದ ಬಣ್ಣ ಅದು. ಕಂದು ಬಣ್ಣಕ್ಕೆ ಹೆದರುವುದಕ್ಕಿಂತ ಕರಕಲು ವಾಸನೆಗೆ ಹೆದರುವುದು ಒಳ್ಳೆಯದು.

ಆ ಚಳಿಗಾಲ ಕಳೆದು ಏಪ್ರಿಲಿನಲ್ಲಿ ನಾನು ಕೆಲಸವನ್ನು ಪೂರ್ತಿಯಾಗಿ ಕೈಗೆತ್ತಿಕೊಂಡೆ: ಹಳೆಯದನ್ನು ಹೀರಿ ಅಷ್ಟೇ ಹೊಸದನ್ನು ಹೊಯ್ಯುವುದು, ಒಂದಿಷ್ಟು ಓಡಿಸಿ ಇನ್ನೊಂದು ಸುತ್ತು ಅದನ್ನೇ ಮಾಡುವುದು. ನನ್ನ ಕಾರಿಗೆ ಟೊಯೋಟಾ ಹೇಳುವ ಎಣ್ಣೆ ಟೈಪ್ ಟಿ-4 ಎಂಬುದು. ಅದೇ ಕಂಪನಿಯ ನಂತರದ ಕಾರುಗಳಿಗೆ ಡಬ್ಲ್ಯೂಎಸ್ ಎಂಬ ಇನ್ನೂ ತೆಳುವಾದ ಎಣ್ಣೆ ಬಂದಿದೆ. ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ. ಅಂಗಡಿಯಲ್ಲಿ ಒಂದರ ಪಕ್ಕ ಒಂದು ಇಟ್ಟಿರುತ್ತಾರಾದ್ದರಿಂದ ಡಬ್ಬದ ಮೇಲಿನದನ್ನು ಎರಡು ಸಲ ಓದುವುದು ಒಳ್ಳೆಯದು.

ನಳಿಕೆಯ ವಿಷಯದಲ್ಲಿ ನಾನು ಪೂರ್ತಿ ಒಂದು ಸಂಜೆಯನ್ನು ಕಳೆದುಕೊಂಡಿದ್ದೇನೆ. ಸುರುಳಿ ಸುತ್ತಿ ಬಂದ ನಳಿಕೆಗೆ ತನ್ನ ಸುರುಳಿಯ ನೆನಪು ಹೋಗುವುದಿಲ್ಲ. ಡಿಪ್‌ಸ್ಟಿಕ್ಕಿನ ಕೊಳವೆ ದಾಟಿ ಪ್ಯಾನಿಗೆ ಇಳಿದ ಕೂಡಲೇ ಅದು ಮತ್ತೆ ಬಾಗಿ ತುದಿಯನ್ನು ಎಣ್ಣೆಯಿಂದ ಮೇಲಕ್ಕೆತ್ತುತ್ತದೆ. ಮೊದಲ ಸಲ ಒಂದೂ ಮುಕ್ಕಾಲು ಲೀಟರ್ ಬಂದು ಗೊರಗೊರ ಸದ್ದಾದಾಗ ಪ್ಯಾನು ಬರಿದಾಯಿತೆಂದೇ ನಂಬಿದ್ದೆ. ಒಂದು ಇಂಚು ಮೇಲಕ್ಕೆಳೆದು, ತುಸು ತಿರುಗಿಸಿ ಮತ್ತೆ ಇಳಿಸಿದಾಗ ಇನ್ನೂ ಒಂದೂ ಕಾಲು ಲೀಟರ್ ಬಂತು. ಈಗ ಬಕೆಟ್ಟಿನ ಬಿಸಿನೀರಿನಲ್ಲಿ ನಳಿಕೆಯನ್ನು ಮುಳುಗಿಸಿ, ಎಳೆದು ನೇರ ಮಾಡಿ, ತಣಿಸಿ ಇಳಿಸುತ್ತೇನೆ. ಡಿಪ್‌ಸ್ಟಿಕ್ಕಿನ ಪಕ್ಕದಲ್ಲಿ ಹಿಡಿದು, ಅದರ ಉದ್ದಕ್ಕೆ ಸರಿಯಾಗಿ ನಳಿಕೆಗೆ ಒಂದು ಸುತ್ತು ಟೇಪು ಅಂಟಿಸಿದರೆ ಎಷ್ಟು ಒಳಗೆ ಹೋಗಿದೆ ಎಂಬುದು ತಿಳಿಯುತ್ತದೆ. ಕಡ್ಡಿ ಪ್ಯಾನಿನ ತಳ ಮುಟ್ಟುವುದಿಲ್ಲವಾದ್ದರಿಂದ ನಳಿಕೆ ಆ ಗುರುತಿಗಿಂತ ತುಸು ಹೆಚ್ಚೇ ಇಳಿಯಬೇಕು. ತುದಿಯನ್ನು ಓರೆಯಾಗಿ ಕತ್ತರಿಸುವುದು ಇನ್ನೊಂದು ಉಪಾಯ. ಚಪ್ಪಟೆ ತುದಿಯಾದರೆ ತಳಕ್ಕೆ ಮುತ್ತಿಟ್ಟು ಕಚ್ಚಿಕೊಳ್ಳುತ್ತದೆ, ಏನೂ ಬರುವುದಿಲ್ಲ.

ತೆಗೆದಷ್ಟೇ ಹಾಕಬೇಕು ಎಂಬುದೇ ಈ ಇಡೀ ಕೆಲಸದ ತಿರುಳಾದರೂ ಎಷ್ಟು ತೆಗೆದೆ ಎಂದು ಹೇಳುವುದು ಅಷ್ಟು ಸುಲಭವಲ್ಲ. ಡಬ್ಬದ ಮೇಲಿನ ಗೆರೆಗಳು ಅರ್ಧರ್ಧ ಲೀಟರಿಗೊಂದು. ಇಲ್ಲಿ ಎಣ್ಣೆ ಮಾರುವುದು ಕ್ವಾರ್ಟ್ ಲೆಕ್ಕದಲ್ಲಿ. ಒಂದು ಕ್ವಾರ್ಟೆಂದರೆ 946 ಮಿಲಿಲೀಟರ್. ಸಾಲದ್ದಕ್ಕೆ ಎಣ್ಣೆ ಬಿಸಿಗೆ ಹಿಗ್ಗುತ್ತದೆ: 20 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಎಂಟು ಲೀಟರ್ ಎಣ್ಣೆ ಸುಮಾರು 350 ಮಿಲಿಲೀಟರಿನಷ್ಟು ಉಬ್ಬುತ್ತದೆ. ಡಿಪ್‌ಸ್ಟಿಕ್ಕಿನ ಮೇಲೆ ತಣ್ಣಗಿದ್ದಾಗಿನದು ಮತ್ತು ಬಿಸಿಯಾದಾಗಿನದು ಎಂದು ಎರಡು ಜೊತೆ ಗುರುತುಗಳಿರುವುದು ಇದಕ್ಕೇ. ಬೆಚ್ಚಗಿನ ಮೂರು ಲೀಟರ್ ತೆಗೆದು, ತಣ್ಣಗಿನ ಹೊಸ ಮೂರು ಲೀಟರ್ ಹಾಕಿದರೆ, ಬಿಸಿಯಾದ ಮೇಲೆ ಅದು ಮೂರಕ್ಕಿಂತ ಹೆಚ್ಚೇ ಆಗುತ್ತದೆ. ಮೊದಲ ಸುತ್ತಿನಲ್ಲಿ ನಾನು ತೆಗೆದ ಎಣ್ಣೆ ಗ್ಯಾರೇಜಿನ ಬಿಸಿಗೆ ಇಳಿಯಲೆಂದು ರಾತ್ರಿಯಿಡೀ ಬಿಟ್ಟೆ. ಗೇರ್‌ಬಾಕ್ಸು ಅರೆಬರಿದಾಗಿ ನಿಂತಿರುವಾಗ ಯಾರಾದರೂ ಎಂಜಿನ್ ಚಾಲೂ ಮಾಡಿದರೆ ಅದರೊಳಗಿನ ಪಂಪು ಒಣಗಿ ಸವೆಯುತ್ತದೆ ಎಂದು ನಾನು ಮೂರು ಸಲ ಹೇಳಿದ್ದಕ್ಕೆ, ನನ್ನ ಹೆಂಡತಿ ಬೇಸತ್ತು, ‘ಎಣ್ಣೆ ಇಲ್ಲ, ಮುಟ್ಟಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದು ಸ್ಟೀರಿಂಗಿಗೆ ಅಂಟಿಸಿದಳು. ಮರುದಿನ ಅವಳೇ ಕೇಳಿದ ಪ್ರಶ್ನೆ ನನ್ನ ಪಾಲಿಗೆ ದೊಡ್ಡ ಉಪಕಾರವಾಯಿತು: ‘ಅಳೆಯುವ ರಗಳೆ ಯಾಕೆ? ತೂಗಬಾರದಾ?’

ತೂಕಕ್ಕೆ ಬಿಸಿಯೂ ಇಲ್ಲ, ತಂಪೂ ಇಲ್ಲ. ಊರಿಗೆ ಹೋಗುವಾಗ ಸೂಟ್‌ಕೇಸು 23 ಕಿಲೋ ದಾಟದಂತೆ ನೋಡಿಕೊಳ್ಳಲು ಕೊಂಡಿದ್ದ ನೇತುತಕ್ಕಡಿ ಹೊರದೇಶದಲ್ಲಿರುವ ಎಲ್ಲ ಕನ್ನಡಿಗರ ಮನೆಯ ಕಪಾಟಿನಲ್ಲಿಯೂ ಇರಬೇಕು, ನಮ್ಮಲ್ಲೂ ಇತ್ತು. ಖಾಲಿ ಡಬ್ಬವನ್ನು ಅದಕ್ಕೆ ನೇತುಹಾಕಿ ತೂಕ ಬರೆದಿಟ್ಟುಕೊಂಡು, ಹೀರಿದ ಮೇಲೆ ಮತ್ತೆ ತೂಗಿ, ವ್ಯತ್ಯಾಸದಷ್ಟೇ ತೂಕದ ಹೊಸ ಎಣ್ಣೆಯನ್ನು ಹೊಯ್ದರೆ ಮುಗಿಯಿತು. ಹಳೆಯ ಮತ್ತು ಹೊಸ ಎಣ್ಣೆಯ ಸಾಂದ್ರತೆಯಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಿಲ್ಲ. ಎರಡನೆಯ ಸುತ್ತಿನಲ್ಲಿ ಹೊರಬಂದದ್ದು 2.6 ಕಿಲೋ, ಅಂದರೆ 3.1 ಲೀಟರಿನ ಹತ್ತಿರ. ಒಳಗೆ ಹೋದದ್ದೂ ಅಷ್ಟೇ. ಕಾಯುವ ಕೆಲಸ ತಪ್ಪಿದ್ದರಿಂದ ಒಂದೂವರೆ ಗಂಟೆಯಲ್ಲಿ ಕೈತೊಳೆದುಕೊಂಡೆ.

ತೂಕ ಸರಿಯಿದ್ದರೂ ಕೊನೆಯ ತೀರ್ಪು ಡಿಪ್‌ಸ್ಟಿಕ್ಕಿನದೇ, ಯಾಕೆಂದರೆ ಮೊದಲೇ ತಪ್ಪಾಗಿದ್ದರೆ ತೂಕ ಆ ತಪ್ಪನ್ನೂ ನಿಷ್ಠೆಯಿಂದ ಕಾಪಾಡುತ್ತದೆ. ಎಣ್ಣೆ ಹೊಯ್ದ ಮೇಲೆ ಎಂಜಿನ್ ಚಾಲೂ ಮಾಡಿ, ಬ್ರೇಕು ತುಳಿದುಕೊಂಡು, ಗೇರಿನ ಹಿಡಿಯನ್ನು ಎಲ್ಲ ಸ್ಥಾನಗಳಲ್ಲೂ ಒಂದೊಂದು ಕ್ಷಣ ನಿಲ್ಲಿಸಿ ಮರಳಿ ಪಾರ್ಕಿಗೆ ತರಬೇಕು; ಇಪ್ಪತ್ತು ನಿಮಿಷ ಓಡಿಸಿ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ನೋಡಬೇಕು. ಇದು ಟೊಯೋಟಾದ ಪದ್ಧತಿ. ಹೊಂಡಾದವರು ಎಂಜಿನ್ ನಿಲ್ಲಿಸಿ ಒಂದೂವರೆ ನಿಮಿಷದೊಳಗೆ ನೋಡಿ ಎನ್ನುತ್ತಾರೆ. ಒಬ್ಬರ ಪದ್ಧತಿಯನ್ನು ಇನ್ನೊಬ್ಬರ ಕಾರಿಗೆ ಹಚ್ಚಿದರೆ ಮಟ್ಟ ತಪ್ಪುತ್ತದೆ. ನನ್ನ ಕಾರಿನ ಮುಕ್ಕಾಲು ಲೀಟರ್ ಬಂದದ್ದೂ ಹೀಗೇ ಇರಬಹುದೆಂದು ನನ್ನ ಊಹೆ. ಹೊಸ ಎಣ್ಣೆಯನ್ನು ಕಡ್ಡಿಯ ಮೇಲೆ ಓದುವುದು ಮತ್ತೊಂದು ತಲೆನೋವು: ಅದು ತಿಳಿಯಾಗಿರುತ್ತದೆ, ಆಗಷ್ಟೇ ಹೊಯ್ದದ್ದರಿಂದ ಕೊಳವೆಯ ಗೋಡೆಯೂ ಒದ್ದೆಯಾಗಿದ್ದು ಕಡ್ಡಿಯನ್ನು ಉದ್ದಕ್ಕೂ ನೆನೆಸುತ್ತದೆ. ಎರಡೂ ಬದಿ ನೋಡಿ, ಕೆಳಗಿರುವ ಗೆರೆಯನ್ನು ನಂಬಿ, ಕಡ್ಡಿಯನ್ನು ಬಿಳಿಯ ಕಾಗದದ ಮೇಲೆ ಒತ್ತಿದರೆ ನಿಜ ತಿಳಿಯುತ್ತದೆ.

ಪ್ರತಿ ಸಲ ಎಂಟರಲ್ಲಿ 3.1 ಲೀಟರ್ ಬದಲಾದರೆ ಮೊದಲ ಸುತ್ತಿನ ಬಳಿಕ ಹಳೆಯದು 61 ಪ್ರತಿಶತ, ಎರಡನೆಯದರ ಬಳಿಕ 38, ಮೂರನೆಯದರ ಬಳಿಕ 23 ಉಳಿಯುತ್ತದೆ. ನಾಲ್ಕನೆಯದಕ್ಕೆ 14. ಸೊನ್ನೆ ಎಂದಿಗೂ ಬರುವುದಿಲ್ಲ. ಕೂಲರಿನ ಪೈಪು ಬಿಚ್ಚಿ, ಎಂಜಿನ್ ಓಡಿಸುತ್ತ ಒಂದು ಕಡೆ ಹಳೆಯದನ್ನು ಹೊರಕ್ಕೆ ಬಿಟ್ಟು ಇನ್ನೊಂದು ಕಡೆ ಹೊಸದನ್ನು ಹೊಯ್ಯುವ ಪದ್ಧತಿಯಲ್ಲಿ ಬಹುತೇಕ ಪೂರ್ತಿ ಬದಲಾಗುತ್ತದೆ; ಆದರೆ ಅದಕ್ಕೆ ಎರಡು ಜೋಡಿ ಕೈ ಬೇಕು, ಒಂದು ನಿಮಿಷ ಮೈಮರೆತರೆ ಪಂಪು ಒಣಗುತ್ತದೆ. ನಾನು ಮೂರು ಸುತ್ತಿಗೆ ನಿಲ್ಲಿಸಿ, ಸುತ್ತಿನ ನಡುವೆ ಐನೂರು ಮೈಲಿ ಓಡಿಸಿದೆ. ಹಾಗೆ ಓಡಿಸಿದಾಗ ಹೊಸದು ಕನ್ವರ್ಟರಿನ ಮೂಲೆಮೂಲೆಗೂ ಹೋಗಿ ಹಳೆಯದರೊಡನೆ ಬೆರೆಯುತ್ತದೆ. ಗೇರಿನ ನಡತೆಯಲ್ಲಿ ಏನಾದರೂ ಏರುಪೇರಾದರೆ ಅಲ್ಲಿಗೇ ನಿಲ್ಲಿಸಲೂ ಅವಕಾಶವಿರುತ್ತದೆ.

ಹಳೆಯ ಗೇರ್‌ಬಾಕ್ಸಿನ ಎಣ್ಣೆಗೆ ಕೈಹಚ್ಚಬಾರದು, ಹಚ್ಚಿದರೆ ಅದು ಸತ್ತೇ ಹೋಗುತ್ತದೆ ಎಂದು ನನ್ನನ್ನು ಹೆದರಿಸಿದವರು ಇಲ್ಲಿಯೂ ಇದ್ದಾರೆ, ಬೆಂಗಳೂರಿನಲ್ಲಿಯೂ ಇದ್ದಾರೆ. ಎಣ್ಣೆಯಲ್ಲಿ ತೇಲುವ ಕ್ಲಚ್ಚಿನ ಪುಡಿಯೇ ಸವೆದ ತಟ್ಟೆಗಳಿಗೆ ಹಿಡಿತ ಕೊಡುತ್ತಿರುತ್ತದೆ ಎಂಬುದು ಅವರ ವಾದ. ನನಗೆ ಕಾಣುವಂತೆ ಇದರಲ್ಲಿ ಕಾರಣ ಮತ್ತು ಪರಿಣಾಮ ಅದಲುಬದಲಾಗಿವೆ. ಗೇರು ಜಾರಲು ಶುರುವಾದ ಮೇಲೆಯೇ ಅನೇಕರಿಗೆ ಎಣ್ಣೆಯ ನೆನಪಾಗುವುದು. ಸಾಯಲು ಹೊರಟ ಗೇರ್‌ಬಾಕ್ಸು ಎಣ್ಣೆ ಬದಲಾಯಿಸಿದ ವಾರಕ್ಕೆ ಸತ್ತರೆ ಅಪವಾದ ಎಣ್ಣೆಯ ಮೇಲೆ ಬರುತ್ತದೆ. ಕರಕಲು ವಾಸನೆ ಬಂದು, ಗೇರು ಜಾರುತ್ತಿದ್ದರೆ ನಾನೂ ಪಂಪು ಹಿಡಿಯುತ್ತಿರಲಿಲ್ಲ, ಮೆಕ್ಯಾನಿಕ್ಕಿನ ಬಳಿ ಹೋಗುತ್ತಿದ್ದೆ. ನಿರ್ವಾತ ಪಂಪಿನ ನಿಜವಾದ ಕೊರತೆ ಬೇರೆಯದು. ಪ್ಯಾನಿನ ತಳದಲ್ಲಿ ಉಕ್ಕಿನ ಪುಡಿಯನ್ನು ಹಿಡಿದಿಡಲು ಅಯಸ್ಕಾಂತದ ಬಿಲ್ಲೆಗಳಿರುತ್ತವೆ, ಅದರ ಮೇಲ್ಗಡೆ ಫಿಲ್ಟರಿರುತ್ತದೆ. ಮೇಲಿನಿಂದ ಎಷ್ಟು ಹೀರಿದರೂ ಅವೆರಡೂ ಶುಚಿಯಾಗುವುದಿಲ್ಲ. ಅದಕ್ಕೆ ಪ್ಯಾನನ್ನು ಬಿಚ್ಚಿ ಇಳಿಸಲೇಬೇಕು. ಆ ಬೇಸಿಗೆಯಲ್ಲಿ ಒಮ್ಮೆ ಗೆಳೆಯರೊಬ್ಬರ ಸಹಾಯದಿಂದ ಅದನ್ನೂ ಮಾಡಿಸಿದೆ. ಬಿಲ್ಲೆಗಳ ಮೇಲೆ ಕಾಡಿಗೆಯಂಥ ನುಣ್ಣನೆಯ ಲೇಪವಿತ್ತು, ಕೈಗೆ ತಾಗುವ ಚೂರುಗಳಿರಲಿಲ್ಲ. ಪ್ಯಾನನ್ನು ಮೊದಲೇ ಮೇಲಿನಿಂದ ಬರಿದು ಮಾಡಿಟ್ಟದ್ದರಿಂದ ನಮ್ಮಿಬ್ಬರ ಮುಖಕ್ಕೂ ಎಣ್ಣೆಯ ಅಭಿಷೇಕವಾಗಲಿಲ್ಲ ಎಂಬುದನ್ನು ಪಂಪಿನ ಲೆಕ್ಕಕ್ಕೆ ಸೇರಿಸುತ್ತೇನೆ.

ಬೆಂಗಳೂರಿನ ಭಾವ ಈ ಸಾಹಸವನ್ನು ಕೇಳಿ, ತಮಗೂ ಅಂಥದ್ದೊಂದು ಪಂಪು ತಂದುಕೊಡುವಂತೆ ಹೇಳಿದರು. ಅವರ ಕಾರು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೋ ಮೂಲಕ ನಮ್ಮಲ್ಲಿ ಹೆಸರಾದ ಈ ಬಗೆಯಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಒಳಗಿರುವುದು ಮಾಮೂಲಿ ಕೈಗೇರಿನ ಪೆಟ್ಟಿಗೆಯೇ. ಕ್ಲಚ್ಚನ್ನು ಒತ್ತುವ ಮತ್ತು ಗೇರು ಬದಲಾಯಿಸುವ ಕೆಲಸಗಳು ಮಾತ್ರ ಯಂತ್ರದ ಪಾಲಿಗೆ ಹೋಗಿವೆ. ಅಲ್ಲಿ ಟಾರ್ಕ್ ಕನ್ವರ್ಟರೂ ಇಲ್ಲ, ಹೀರಲು ಕೆಂಪೆಣ್ಣೆಯೂ ಇಲ್ಲ. ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಸಿವಿಟಿ ಮತ್ತು ಎರಡು ಕ್ಲಚ್ಚುಗಳ ಡಿಸಿಟಿ ಪೆಟ್ಟಿಗೆಗಳಿಗೆ ತಮ್ಮ ತಮ್ಮದೇ ದ್ರವಗಳಿವೆ. ಸಿವಿಟಿಯ ಬೆಲ್ಟು ಹಿಡಿಯಬೇಕಾದಲ್ಲಿ ಜಾರಿಸುವ ಎಣ್ಣೆ ಹಾಕಿದರೆ ಪೆಟ್ಟಿಗೆಯೇ ಹೋಗುತ್ತದೆ. ಇನೋವಾ ಕ್ರಿಸ್ಟಾದ ಆಟೊಮ್ಯಾಟಿಕ್ಕಿನಂಥ ಟಾರ್ಕ್ ಕನ್ವರ್ಟರಿನ ಕಾರುಗಳಿಗೆ ನನ್ನ ಮಾತು ಬಹುಮಟ್ಟಿಗೆ ಅನ್ವಯಿಸಿದರೂ, ಹೊಸ ಕಾರುಗಳಲ್ಲಿ ಡಿಪ್‌ಸ್ಟಿಕ್ಕನ್ನೇ ಕೊಡದೆ, ನಿಗದಿತ ಬಿಸಿಯಲ್ಲಿ ಕೆಳಗಿನ ಪ್ಲಗ್ಗಿನಿಂದ ಎಣ್ಣೆ ತೊಟ್ಟಿಕ್ಕುವುದನ್ನು ನೋಡಿ ಮಟ್ಟ ತಿಳಿಯುವ ಏರ್ಪಾಡು ಬಂದಿರುವುದರಿಂದ, ಮೇಲಿನಿಂದ ನಳಿಕೆ ಇಳಿಸಲು ದಾರಿಯೇ ಇರುವುದಿಲ್ಲ. ‘ಹಾಗಾದರೆ ಪಂಪು ಬೇಡ ಮಾರಾಯ, ಎರಡು ಕಿಲೋ ಬಾದಾಮಿ ತಾ’ ಎಂದರು ಭಾವ.

ಮೂರನೆಯ ಸುತ್ತು ಮುಗಿದದ್ದು ಸೆಪ್ಟೆಂಬರಿನಲ್ಲಿ. ಮೂರು ಸಲದ ಹಳೆಯ ಎಣ್ಣೆಯನ್ನು, ಹೊಸ ಎಣ್ಣೆ ಬಂದ ಡಬ್ಬಗಳಿಗೇ ತುಂಬಿ ಬಿಡಿಭಾಗದ ಅಂಗಡಿಗೆ ಒಯ್ದರೆ ಅವರು ದುಡ್ಡು ಕೇಳದೆ ತೆಗೆದುಕೊಂಡರು. ಗ್ಯಾರೇಜಿನ ಗೋಡೆಗೆ ಮೂರು ಕಾಗದಗಳನ್ನು ತಾರೀಖು ಬರೆದು ಅಂಟಿಸಿದ್ದೇನೆ. ಮೊದಲನೆಯದರ ಕಲೆ ಕಷಾಯ, ಎರಡನೆಯದು ಕಾವಿ, ಮೂರನೆಯದರಲ್ಲಿ ಕೆಂಪು ಮೇಲುಗೈ ಪಡೆದಿದೆ. ನಳಿಕೆಯನ್ನು ಸುರುಳಿ ಸುತ್ತಿ ಇಡುವುದನ್ನು ಬಿಟ್ಟು, ಮಾಡಿನ ಕೊಕ್ಕೆಗೆ ಒಂದು ತುದಿ ಕಟ್ಟಿ, ಇನ್ನೊಂದು ತುದಿಗೆ ದಪ್ಪನೆಯ ನಟ್ಟೊಂದನ್ನು ತೂಗುಬಿಟ್ಟಿದ್ದೇನೆ. ಮುಂದಿನ ಸಲ ಬಿಸಿನೀರು ಬೇಕಾಗಲಾರದು. ಕೆಳಗಿಟ್ಟ ತಟ್ಟೆಗೆ ಎರಡನೆಯ ದಿನವೂ ಅದರಿಂದ ಒಂದೊಂದು ಹನಿ ಇಳಿಯುತ್ತಿತ್ತು.